ತೋಟದ ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಕಟ್ಟುವುದು ಹೇಗೆ, ಯಾರಿಗಾಗಿ?



ನಮ್ಮ ನ್ಯೂ ಜೆರ್ಸಿಯಲ್ಲಿ ಮೇ ತಿಂಗಳ ನಡುಭಾಗ ದಾಟಿತೆಂದರೆ ಹಿಮ ಬಿದ್ದು ಸಸಿ ಸುಟ್ಟುಹೋಗುವ ಭಯ ಬಹುಮಟ್ಟಿಗೆ ಕಳೆಯಿತು ಎಂದು ಲೆಕ್ಕ. ಚಳಿಗಾಲದ ಕೊನೆಯಲ್ಲಿ ಬೇಸ್‌ಮೆಂಟಿನ ದೀಪದ ಕೆಳಗೆ ಎಬ್ಬಿಸಿದ ಬದನೆ, ಟೊಮ್ಯಾಟೊ, ಮೆಣಸಿನ ಸಸಿಗಳು ದೇವಸ್ಥಾನದ ಹಿಂದಿನ ನಮ್ಮ ತೋಟಕ್ಕೆ ಇಳಿಯುತ್ತವೆ. ಜುಲೈ ಹೊತ್ತಿಗೆ ಹೀರೆ, ಸೋರೆ ಚಪ್ಪರ ಹತ್ತಿರುತ್ತವೆ. ಅವರೆ ಬಳ್ಳಿ ಬೇಲಿ ಹಿಡಿದಿರುತ್ತದೆ. ಈ ವರ್ಷ ಸಸಿಗಳ ಜೊತೆಗೆ ಇನ್ನೊಂದು ವಸ್ತುವನ್ನೂ ತೋಟಕ್ಕೆ ಸೇರಿಸಬೇಕೆಂದು ನಾವು ತೀರ್ಮಾನಿಸಿದ್ದೇವೆ. ಅದೇ ಪ್ರಥಮ ಚಿಕಿತ್ಸೆ ಪೆಟ್ಟಿಗೆ.

"ಅದಕ್ಕೇನು ಪಾಠ? ಅಂಗಡಿಯಲ್ಲಿ ಇಪ್ಪತ್ತು ಡಾಲರಿಗೆ ಸಿಗುತ್ತದಲ್ಲ!" ಎಂದು ನೀವು ಕೇಳಬಹುದು. ಸಿಗುತ್ತದೆ, ನಿಜ. ಆದರೆ ಆ ಪೆಟ್ಟಿಗೆಯನ್ನು ತಯಾರಿಸಿದವರಿಗೆ ನಮ್ಮ ತೋಟದಲ್ಲಿ ಯಾರಿರುತ್ತಾರೆ ಎಂಬುದು ಗೊತ್ತಿಲ್ಲ. ಶನಿವಾರ, ಭಾನುವಾರ ನಾವಿರುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗೆ ನಾವೆಲ್ಲ ಆಫೀಸಿನಲ್ಲಿ, ಮೀಟಿಂಗಿನಲ್ಲಿ. ಆಗ ತೋಟಕ್ಕೆ ನೀರು ಹಾಕಿ, ಕಳೆ ಕಿತ್ತು, ಹೂ ಬಿಡಿಸುವವರು ಊರಿನಿಂದ ಆರು ತಿಂಗಳಿಗೆಂದು ಬಂದಿರುವ ನಮ್ಮ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು. ವಯಸ್ಸು ಅರವತ್ತು, ಎಪ್ಪತ್ತು ದಾಟಿದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ., ಕೆಲವರಿಗೆ ರಕ್ತ ತೆಳುವಾಗಿಸುವ ಮಾತ್ರೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಂಡರೂ ಫೋನಿನಲ್ಲಿ ಇಲ್ಲಿಯವರ ಉಚ್ಚಾರಣೆಗೆ ಉತ್ತರ ಕೊಡಲು ಅಂಜಿಕೆ. ಎಲ್ಲಕ್ಕಿಂತ ಹೆಚ್ಚಾಗಿ, "ಮಕ್ಕಳ ಕೆಲಸಕ್ಕೆ ತೊಂದರೆ ಕೊಡಬಾರದು" ಎಂಬ ಸಂಕೋಚ.

ಆದ್ದರಿಂದ ಈ ಪಾಠದ ಮುಖ್ಯ ಸೂತ್ರ ಒಂದೇ: ಪೆಟ್ಟಿಗೆ ಕಟ್ಟುವವರು ನಾವಾದರೂ ಅದನ್ನು ತೆರೆಯುವವರು ಅವರು. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಪಕ್ಕದಲ್ಲಿ ನಾವಿಲ್ಲದಾಗ, ಅವರ ಕೈಗೆ ಅದು ಉಪಯೋಗಕ್ಕೆ ಬರಬೇಕು. ಪ್ರತಿಯೊಂದು ವಸ್ತುವನ್ನೂ ಈ ಒಂದು ಪ್ರಶ್ನೆಯಿಂದ ಪರೀಕ್ಷಿಸೋಣ.

1. ಪೆಟ್ಟಿಗೆ ಮತ್ತು ಅದರ ಜಾಗ

ನೀರು, ಧೂಳು ಹೋಗದಂಥ, ಗಟ್ಟಿ ಮುಚ್ಚಳದ, ಎದ್ದು ಕಾಣುವ ಬಣ್ಣದ ಡಬ್ಬಿ ಇರಲಿ. ಬೀಗ ಬೇಡ. ಮೇಲೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ "ಪ್ರಥಮ ಚಿಕಿತ್ಸೆ" ಎಂದು ಬರೆದಿರಬೇಕು. ಒಳಗಿನ ವಸ್ತುಗಳನ್ನು ಐದು ಪಾರದರ್ಶಕ ಜಿಪ್ ಚೀಲಗಳಲ್ಲಿ ಹಾಕಿ, ಪ್ರತಿ ಚೀಲದ ಮೇಲೆ ಕನ್ನಡದಲ್ಲಿ ಹೆಸರು ಬರೆಯೋಣ: ಗಾಯ, ತುರಿಕೆ, ಉಣುಗು ಮತ್ತು ಹುಳದ ಕಡಿತ, ಬಿಸಿಲು ಮತ್ತು ಸಕ್ಕರೆ, ಕಣ್ಣು. ಗಾಬರಿಯಾದಾಗ ಇಡೀ ಡಬ್ಬಿ ಕೆದಕುವುದಕ್ಕಿಂತ ಒಂದು ಚೀಲ ಎಳೆಯುವುದು ಸುಲಭ.

ಸಲಕರಣೆ ಇಡುವ ಶೆಡ್ ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ. ಆ ಬಿಸಿಗೆ ಮುಲಾಮು ಕರಗುತ್ತದೆ, ಬ್ಯಾಂಡೇಜಿನ ಅಂಟು ಬಿಡುತ್ತದೆ. ಅದಕ್ಕೆ ದೇವಸ್ಥಾನದ ಹಿಂಬಾಗಿಲ ಒಳಗಡೆ, ನೆರಳಿನಲ್ಲಿ, ಎದೆಮಟ್ಟದ ಗೂಟಕ್ಕೆ ತೂಗುಹಾಕುವುದು ಒಳ್ಳೆಯದು. ತೋಟಕ್ಕೆ ಹೋಗುವವರು ಗುದ್ದಲಿಯ ಜೊತೆ ಅದನ್ನೂ ಹೊತ್ತು ಹೋಗಿ, ಬರುವಾಗ ವಾಪಸು ತೂಗುಹಾಕಲಿ.

2. ಗಾಯ ಮತ್ತು ಮಣ್ಣು

ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆ ನಾಲ್ಕು ಜನರ ಕುಟುಂಬಕ್ಕೆ ಬೇಕಾದ ಪ್ರಥಮ ಚಿಕಿತ್ಸೆ ವಸ್ತುಗಳ ಒಂದು ಪಟ್ಟಿ ಕೊಡುತ್ತದೆ. ಬಗೆಬಗೆ ಅಳತೆಯ 25 ಅಂಟು ಬ್ಯಾಂಡೇಜ್, 3 ಮತ್ತು 4 ಅಂಗುಲದ ಗಾಜ್ ಚೌಕಗಳು ತಲಾ 5, ರಕ್ತ ಹೀರುವ 5 ಅಂಗುಲ ಅಗಲ 9 ಅಂಗುಲ ಉದ್ದದ 2 ದಪ್ಪ ಪಟ್ಟಿ, ಸುತ್ತುವ ಬಟ್ಟೆ, ಟೇಪು, 2 ತ್ರಿಕೋನ ಬಟ್ಟೆ, ಲೇಟೆಕ್ಸ್ ಅಲ್ಲದ 2 ಜೊತೆ ಕೈಗವಸು ಅದರಲ್ಲಿವೆ. ನಮ್ಮ ತೋಟಕ್ಕೆ ಬ್ಯಾಂಡೇಜ್, ಗಾಜ್, ಕೈಗವಸು ಇವುಗಳನ್ನು ನಾಲ್ಕರಷ್ಟು ಇಡೋಣ. ಜೊತೆಗೆ ಒಂದು ಲೀಟರ್ ಕುಡಿಯುವ ನೀರಿನ ಬಾಟಲಿ, ಒಂದು ಸಣ್ಣ ಸೋಪು.

ಈ ನೀರು ಮತ್ತು ಸೋಪು ಬಹಳ ಮುಖ್ಯ. ನಮ್ಮಲ್ಲಿ ಕೈ ಕೊಯ್ದುಕೊಂಡರೆ ಕಾಫಿ ಪುಡಿ ಅಥವಾ ಅರಿಶಿನ ಮೆತ್ತುವ ರೂಢಿ ಹಿಂದಿನಿಂದ ಬಂದಿದೆ. ಮಣ್ಣಿನ ಗಾಯಕ್ಕೆ ಇದು ಬೇಡ. ಪುಡಿ ಗಾಯದೊಳಗೆ ಕೂತರೆ ಅದರ ಕೆಳಗಿರುವ ಮಣ್ಣು ಕಾಣುವುದಿಲ್ಲ, ತೊಳೆಯುವುದೂ ಕಷ್ಟ. ರಕ್ತ ಬರುತ್ತಿದ್ದರೆ ಗಾಜ್ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಗಾಜ್ ನೆನೆದರೆ ಅದರ ಮೇಲೆಯೇ ಇನ್ನೊಂದು ಇಟ್ಟು ಒತ್ತಿ. ಸಣ್ಣ ಗಾಯವಾದರೆ ರಕ್ತ ನಿಂತ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಸುತ್ತಲೂ ಸೋಪು ಹಚ್ಚಿ ಸ್ವಚ್ಛ ಮಾಡಿ, ಬ್ಯಾಂಡೇಜ್ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ರಕ್ತ ನಿಲ್ಲಲು ಹೆಚ್ಚು ಹೊತ್ತು ಬೇಕು. ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಅಥವಾ ರಕ್ತ ಚಿಮ್ಮುತ್ತಿದ್ದರೆ ಕಾಯದೆ 911.

ಇನ್ನು ಧನುರ್ವಾಯು. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಅದು ಬರುತ್ತದೆ ಎಂಬ ನಂಬಿಕೆಯಿದೆ. ಕಾರಣ ತುಕ್ಕಲ್ಲ, ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು. ಹೊಸ ಗುಲಾಬಿ ಮುಳ್ಳು ಚುಚ್ಚಿದರೂ ಸಾಕು. ದೊಡ್ಡವರು 10 ವರ್ಷಕ್ಕೊಮ್ಮೆ ಈ ಲಸಿಕೆ ಹಾಕಿಸಿಕೊಳ್ಳಬೇಕು. ಮಣ್ಣು ಸೇರಿದ ಗಾಯವಾಗಿ, ಹಿಂದಿನ ಲಸಿಕೆಗೆ 5 ವರ್ಷ ದಾಟಿದ್ದರೆ ಮತ್ತೊಮ್ಮೆ ಬೇಕಾಗುತ್ತದೆ. ಊರಿನಲ್ಲಿ "ಟಿ.ಟಿ. ಇಂಜೆಕ್ಷನ್" ಯಾವಾಗ ಹಾಕಿಸಿದ್ದು ಎಂದು ಅಪ್ಪ ಅಮ್ಮನನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

3. ತುರಿಕೆ: ಬೇಲಿಯ ಮೂರೆಲೆ ಬಳ್ಳಿ

ನಮ್ಮ ಬೇಲಿಯಂಚಿನಲ್ಲಿ ತಾನಾಗಿಯೇ ಹಬ್ಬುವ ಪಾಯ್ಸನ್ ಐವಿ ಎಂಬ ಬಳ್ಳಿಗೆ ಒಂದೊಂದು ತೊಟ್ಟಿಗೆ ಮೂರು ಎಲೆ. ಬಿಲ್ವಕ್ಕೂ ಮೂರು ಎಲೆ, ನಮ್ಮ ಅವರೆಗೂ ಮೂರು ಎಲೆ! ಊರಿನಿಂದ ಹೊಸದಾಗಿ ಬಂದವರಿಗೆ ಇದರಲ್ಲಿ ಅಪಾಯ ಕಾಣುವುದಿಲ್ಲ. ಆದ್ದರಿಂದ ನಿಯಮ ಸರಳವಾಗಿರಲಿ: ನಾವು ನೆಡದ ಯಾವ ಮೂರೆಲೆ ಗಿಡವನ್ನೂ ಬರಿಗೈಯಲ್ಲಿ ಮುಟ್ಟಬಾರದು. ಮರಕ್ಕೆ ಹತ್ತಿದ ಹಳೆಯ ಬಳ್ಳಿಯ ಕಾಂಡದಲ್ಲಿ ಕೂದಲಿನಂಥ ಬೇರುಗಳು ತುಂಬಿರುತ್ತವೆ. ಅದು ಒಳ್ಳೆಯ ಗುರುತು.

ಇದರ ಅಂಟು ಎಣ್ಣೆಗೆ ಉರುಶಿಯಾಲ್ ಎಂದು ಹೆಸರು. ಹೆಸರು ಹೊಸದಾದರೂ ವಸ್ತು ನಮಗೆ ಹಳೆಯದೇ. ಮಾವು, ಗೇರು ಮತ್ತು ಪಾಯ್ಸನ್ ಐವಿ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಮಾವಿನಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡದ್ದು, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಕೈ ಬೊಬ್ಬೆಯೆದ್ದದ್ದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಕೂಡ ಇದೇ ಬಳಗ. "ಇದು ಅಮೆರಿಕದ ಸೊನೆ ಬಳ್ಳಿ" ಎಂದರೆ ಅಜ್ಜಿಗೆ ಬೇರೆ ವಿವರಣೆ ಬೇಡ. ಈ ಬಳ್ಳಿ ತಾಗಿ ಒಮ್ಮೆ ತುರಿಕೆ ಬಂದವರಿಗೆ ಮಾವಿನ ಹಣ್ಣನ್ನು ಸಿಪ್ಪೆ ಸಮೇತ ಕಚ್ಚಿದಾಗಲೂ ಬಾಯಿಯ ಸುತ್ತ ಗುಳ್ಳೆ ಏಳಬಹುದು.

ತಾಗಿದ ಕೂಡಲೇ ಸೋಪು ಹಚ್ಚಿ ಧಾರಾಳವಾಗಿ ತೊಳೆಯಬೇಕು. ಹತ್ತು ನಿಮಿಷದೊಳಗಾದರೆ ಉತ್ತಮ, ತಡವಾದರೂ ತೊಳೆಯಿರಿ. ಉಗುರಿನ ಸಂದು ಮರೆಯಬೇಡಿ. ಬಟ್ಟೆ, ಕೈಗವಸು, ಕತ್ತರಿ ಎಲ್ಲವನ್ನೂ ತೊಳೆಯಬೇಕು, ಏಕೆಂದರೆ ಎಣ್ಣೆ ಅವುಗಳ ಮೇಲೆ ಬಹಳ ಕಾಲ ಉಳಿಯುತ್ತದೆ. ಗುಳ್ಳೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಏಳುತ್ತದೆ. ಗುಳ್ಳೆಯ ನೀರಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚೀಲದಲ್ಲಿ ಹೈಡ್ರೋಕಾರ್ಟಿಸೋನ್ ಮುಲಾಮು ಮತ್ತು ಕ್ಯಾಲಮೈನ್ ಲೋಷನ್ ಇರಲಿ. ಮುಖ ಊದಿಕೊಂಡರೆ ಡಾಕ್ಟರಿಗೆ ತೋರಿಸಿ. ಕಿತ್ತ ಬಳ್ಳಿಯನ್ನು ಎಂದಿಗೂ ಸುಡಬೇಡಿ, ಹೊಗೆಯೊಡನೆ ಆ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ.

4. ಉಣುಗು ಮತ್ತು ಹುಳದ ಕಡಿತ

ಮಲೆನಾಡಿನವರಿಗೆ ಉಣುಗು ಎಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಲಾಯಿತು. ಇಲ್ಲಿಯ ಉಣುಗು ಹರಡುವ ಮುಖ್ಯ ರೋಗ ಬೇರೆ: ಲೈಮ್. 1970ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದ ಬಂದ ಹೆಸರು. ಮಂಗನ ಕಾಯಿಲೆಗೆ ವೈರಸ್ ಕಾರಣ, ಇದಕ್ಕೆ ಬ್ಯಾಕ್ಟೀರಿಯಾ. ಹಾಗಾಗಿ ಬೇಗ ಗುರುತಿಸಿದರೆ ಆಂಟಿಬಯೋಟಿಕ್‌ನಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ನ್ಯೂ ಜೆರ್ಸಿ ಈ ರೋಗ ಹೆಚ್ಚಾಗಿರುವ ರಾಜ್ಯಗಳಲ್ಲಿ ಒಂದು.

ಮೇ ತಿಂಗಳಿಂದ ಜುಲೈವರೆಗೆ ಓಡಾಡುವ ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ. ರೋಗ ದಾಟಲು ಅದು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು. ಅಂದರೆ ಅದೇ ದಿನ ಸಂಜೆ ಹುಡುಕಿ ತೆಗೆದರೆ ನಾವೇ ಗೆದ್ದಂತೆ. ತೋಟದಿಂದ ಬಂದ ಎರಡು ಗಂಟೆಯೊಳಗೆ ಸ್ನಾನ ಮಾಡಿ, ಮೊಣಕಾಲ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ, ಕೂದಲೊಳಗೆ ನೋಡಿಕೊಳ್ಳಬೇಕು. ಸೀರೆ, ಪಂಚೆಯಲ್ಲಿ ತೋಟಕ್ಕೆ ಹೋಗುವವರು ಉದ್ದನೆಯ ಸಾಕ್ಸ್ ಮತ್ತು ಶೂ ಹಾಕಿಕೊಳ್ಳಲಿ; ಚಪ್ಪಲಿ ಬೇಡ.

ತೆಗೆಯಲು ಮೊನಚು ತುದಿಯ ಚಿಮಟ ಬೇಕು. ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಮೇಲಕ್ಕೆ ಎಳೆಯಿರಿ. ತಿರುಚಬೇಡಿ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಜಾಗವನ್ನು ಸೋಪಿನಿಂದ ತೊಳೆದು, ಉಣುಗನ್ನು ಟೇಪಿನಲ್ಲಿ ಅಂಟಿಸಿ ದಿನಾಂಕ ಬರೆಯಿರಿ. ಅದು ಬಹಳ ಹೊತ್ತು ಕಚ್ಚಿಕೊಂಡಿತ್ತು ಎಂಬ ಅನುಮಾನವಿದ್ದರೆ ತೆಗೆದ 72 ಗಂಟೆಯೊಳಗೆ ಡಾಕ್ಟರನ್ನು ಕೇಳಿ, ಮುಂಜಾಗ್ರತೆಯ ಮಾತ್ರೆ ಕೊಡುವುದು ಸೂಕ್ತವೇ ಎಂದು ಅವರು ಹೇಳುತ್ತಾರೆ. 3ರಿಂದ 30 ದಿನಗಳಲ್ಲಿ ಹರಡುತ್ತ ಹೋಗುವ ಕಲೆ, ಜ್ವರ, ಕೀಲುನೋವು ಬಂದರೂ ಹೋಗಲೇಬೇಕು. ಪುಸ್ತಕಗಳಲ್ಲಿ ಕಾಣುವ ಕೆಂಪು ವೃತ್ತದ ಚಿತ್ರ ಹೆಚ್ಚಾಗಿ ಬಿಳಿ ಚರ್ಮದ್ದು. ನಮ್ಮ ಕಂದು ಚರ್ಮದ ಮೇಲೆ ಅದು ಅಷ್ಟು ಕೆಂಪಗೆ ಕಾಣದಿರಬಹುದು. "ಕೆಂಪಾಗಿಲ್ಲವಲ್ಲ" ಎಂದು ಸುಮ್ಮನಿರಬೇಡಿ.

ಜೇನುನೊಣ ಕಚ್ಚಿದರೆ ಕೊಂಡಿಯನ್ನು ಹೇಗಾದರೂ ಸರಿ, ಬೇಗ ತೆಗೆಯಿರಿ. ಯೆಲ್ಲೋ ಜಾಕೆಟ್ ಎಂಬ ಕಡಜ ಹೆಚ್ಚಾಗಿ ನೆಲದೊಳಗೆ ಗೂಡು ಕಟ್ಟುತ್ತದೆ, ಕೆದಕಿದರೆ ಗುಂಪಾಗಿ ಬರುತ್ತದೆ. ದೂರ ಓಡುವುದೇ ಮೊದಲ ಚಿಕಿತ್ಸೆ. ಆಮೇಲೆ ತೊಳೆದು, ಹಿಸುಕಿದರೆ ತಣ್ಣಗಾಗುವ ಪೊಟ್ಟಣವನ್ನು ಬಟ್ಟೆ ಸುತ್ತಿ ಇಡಿ. ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ದದ್ದು ಎದ್ದರೆ, ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ವಾಂತಿಯಾದರೆ, ತಲೆ ಸುತ್ತಿ ಬಿದ್ದರೆ ಅದು ತೀವ್ರ ಅಲರ್ಜಿ. ಅದಕ್ಕೆ ಮದ್ದು ಎಪಿನೆಫ್ರಿನ್. ಅಲರ್ಜಿ ಮಾತ್ರೆ ಅದರ ಬದಲಿಯಲ್ಲ. ಎಪಿಪೆನ್ ಡಾಕ್ಟರ ಚೀಟಿಯಿಂದ ಸಿಗುವಂಥದ್ದು, ಆದ್ದರಿಂದ ನಮ್ಮ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಈಗಾಗಲೇ ಇಟ್ಟುಕೊಂಡವರು ಮೈಮೇಲೆ ಇಟ್ಟುಕೊಂಡೇ ತೋಟಕ್ಕೆ ಬರಬೇಕು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ಅದನ್ನು ತೊಡೆಯ ಹೊರಭಾಗಕ್ಕೆ, ಬಟ್ಟೆಯ ಮೇಲಿಂದಲೂ ಚುಚ್ಚಬಹುದು. ಚುಚ್ಚಿದ ಮೇಲೂ 911ಕ್ಕೆ ಕರೆ ಮಾಡಲೇಬೇಕು.

5. ಬಿಸಿಲು ಮತ್ತು ಸಕ್ಕರೆ

"ನಾವು ರಾಯಚೂರಿನ ಬಿಸಿಲು ಕಂಡವರು, ಇದ್ಯಾವ ಲೆಕ್ಕ?" ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ರಾಯಚೂರಿನದು ಒಣ ಬಿಸಿಲು. ಇಲ್ಲಿ ಜುಲೈನಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ತಲೆ ಸುತ್ತು, ವಾಕರಿಕೆ, ವಿಪರೀತ ಬೆವರು, ಸ್ನಾಯು ಹಿಡಿತ ಕಂಡರೆ ನೆರಳಿಗೆ ಕರೆತಂದು, ಮಲಗಿಸಿ, ಒದ್ದೆ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ಓ.ಆರ್.ಎಸ್. ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಾತು ತೊದಲಿದರೆ, ಗಲಿಬಿಲಿಯಾದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಮೈಯ ಶಾಖ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿರಬಹುದು. ಆಗ ಬಾಯಿಗೆ ಏನನ್ನೂ ಹಾಕದೆ 911ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ತೋಟದ ಪೈಪಿನಿಂದಲೇ ಮೈಮೇಲೆ ತಣ್ಣೀರು ಬಿಡಿ. ಪೈಪಿನಲ್ಲಿ ನಿಂತ ಬಿಸಿನೀರು ಮೊದಲು ಹರಿದುಹೋಗಲಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಏಕಾದಶಿ ಉಪವಾಸದ ದಿನ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತೆಗೆದುಕೊಂಡು ಗುದ್ದಲಿ ಹಿಡಿಯುವುದು ಬೇಡವೇ ಬೇಡ. ಉಪವಾಸದ ದಿನ ಔಷಧ ಹೇಗೆ ಎಂದು ಡಾಕ್ಟರನ್ನು ಮೊದಲೇ ಕೇಳಿರಬೇಕು. ಕೈ ನಡುಗುವುದು, ತಣ್ಣನೆ ಬೆವರು, ಸಿಡುಕು, ಮಂಪರು ಇವು ಸಕ್ಕರೆ ಇಳಿದ ಲಕ್ಷಣ. 15 ಗ್ರಾಂ ಸಕ್ಕರೆ ಕೊಡಿ: 4 ಗ್ರಾಮಿನ ಗ್ಲೂಕೋಸ್ ಮಾತ್ರೆ ನಾಲ್ಕು, ಇಲ್ಲವೇ ಅರ್ಧ ಕಪ್ ಹಣ್ಣಿನ ರಸ. 15 ನಿಮಿಷ ಬಿಟ್ಟು ನೋಡಿ, ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ.

6. ಕಣ್ಣು ಮತ್ತು ವಿಷ

ಕಣ್ಣು ತೊಳೆಯಲು ಸ್ಟೆರೈಲ್ ಸಲೈನ್ ಬಾಟಲಿ ಇಡೋಣ. ಗೊಬ್ಬರ, ಔಷಧ ಸಿಡಿದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯುತ್ತಲೇ ಇರಬೇಕು. ಮಗು ಏನಾದರೂ ಕಾಯಿ, ಪುಡಿ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ. ವಿಷ ಸಹಾಯವಾಣಿ 1-800-222-1222ಕ್ಕೆ ಕರೆ ಮಾಡಿ. ದೇಶಾದ್ಯಂತ ಅದೇ ಸಂಖ್ಯೆ, 24 ಗಂಟೆ, ಉಚಿತ. ಮಗುವಿಗೆ ಉಸಿರಾಟದ ತೊಂದರೆ, ಮಂಪರು ಇದ್ದರೆ ನೇರವಾಗಿ 911.

7. ಎಲ್ಲಕ್ಕಿಂತ ಮುಖ್ಯವಾದ ವಸ್ತು: ಒಂದು ಹಾಳೆ

ಪೆಟ್ಟಿಗೆಯ ಮುಚ್ಚಳದ ಒಳಗೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಅಂಟಿಸಬೇಕು. ದೊಡ್ಡ ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಮಾತುಗಳನ್ನೇ ಕನ್ನಡ ಲಿಪಿಯಲ್ಲಿ ಹೀಗೆ ಬರೆಯೋಣ: "ಎಮರ್ಜೆನ್ಸಿ. ಸೆಂಡ್ ಆಂಬ್ಯುಲೆನ್ಸ್. ಗಾರ್ಡನ್ ಬಿಹೈಂಡ್ ದ ಟೆಂಪಲ್." ಅದರ ಕೆಳಗೆ ದೇವಸ್ಥಾನದ ಪೂರ್ತಿ ವಿಳಾಸ, ಊರಿನ ಹೆಸರು, ಯಾವ ಗೇಟಿನಿಂದ ಬರಬೇಕು ಎಂಬುದು. ಇಷ್ಟನ್ನು ನಿಧಾನವಾಗಿ ಎರಡು ಸಲ ಓದಿದರೆ ಆಂಬ್ಯುಲೆನ್ಸ್ ಹೊರಡಲು ಬೇಕಾದದ್ದು ಸಿಕ್ಕಂತೆ. ಬಳಿಕ "ಲ್ಯಾಂಗ್ವೇಜ್ ಕನ್ನಡ" ಎನ್ನಲಿ. ಅನೇಕ 911 ಕೇಂದ್ರಗಳು ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುತ್ತವೆ. ಅದಕ್ಕೆ ಸಮಯ ಹಿಡಿಯುವುದರಿಂದ ವಿಳಾಸವೇ ಮೊದಲು. ಅವರು ಹೇಳುವವರೆಗೆ ಫೋನ್ ಇಡಬಾರದು.

ಹಾಳೆಯ ಹಿಂಬದಿಯಲ್ಲಿ ಹಗಲಿನಲ್ಲಿ ಫೋನ್ ಎತ್ತುವ ಇಬ್ಬರ ಸಂಖ್ಯೆ ಇರಲಿ. ಆಫೀಸಿನಲ್ಲಿ ಸರ್ವರ್ ಬಿದ್ದರೆ ಯಾರು ಏಳಬೇಕು ಎಂದು ನಾವು ವಾರಕ್ಕೊಬ್ಬರ ಸರದಿ ಹಾಕಿಕೊಳ್ಳುವುದಿಲ್ಲವೇ? ತೋಟಕ್ಕೂ ಅದೇ ಸರದಿ ಇರಲಿ. ಪ್ರತಿ ಹಿರಿಯರ ಜೇಬಿನಲ್ಲಿ ಅಥವಾ ಸೊಂಟದ ಚೀಲದಲ್ಲಿ ಒಂದು ಸಣ್ಣ ಚೀಟಿ: ಹೆಸರು, ಕಾಯಿಲೆ, ಮಾತ್ರೆಗಳ ಹೆಸರು, ಅಲರ್ಜಿ, ವಿಮೆಯ ಸಂಖ್ಯೆ, ಮಕ್ಕಳ ಫೋನ್. ಇದು ಖಾಸಗಿ ವಿಷಯ, ಆದ್ದರಿಂದ ಪೆಟ್ಟಿಗೆಯಲ್ಲಿ ಬೇಡ, ಅವರವರ ಬಳಿಯೇ ಇರಲಿ.

ಹಿರಿಯರಿಗೆ ಎರಡು ಮಾತು ತಪ್ಪದೆ ಹೇಳಿ. ಊರಿನ 108ರ ಬದಲು ಇಲ್ಲಿ 911. ಮತ್ತು, ಖರ್ಚಿನ ಯೋಚನೆ ಅವರದ್ದಲ್ಲ. 1986ರ ಒಂದು ಕಾನೂನಿನ ಪ್ರಕಾರ, ಆಸ್ಪತ್ರೆಯ ತುರ್ತು ವಿಭಾಗ ವಿಮೆ ಇರಲಿ ಬಿಡಲಿ, ಬಂದವರನ್ನು ಪರೀಕ್ಷಿಸಿ, ಅಪಾಯದ ಸ್ಥಿತಿಯಿದ್ದರೆ ಸ್ಥಿರಗೊಳಿಸಲೇಬೇಕು. ಬಿಲ್ಲು ಆಮೇಲೆ ಬರುತ್ತದೆ, ದೊಡ್ಡದೂ ಆಗಿರಬಹುದು. ಅದಕ್ಕಾಗಿಯೇ ಅವರು ವಿಮಾನ ಹತ್ತುವ ಮೊದಲೇ ಪ್ರವಾಸಿ ವಿಮೆ ಮಾಡಿಸುವುದು ನಮ್ಮ ಕರ್ತವ್ಯ. ಎದೆನೋವು ಬಂದಾಗ "ಸಂಜೆ ಮಗ ಬರಲಿ, ನೋಡೋಣ" ಎಂದು ಕಾಯುವುದು ಮಾತ್ರ ಆಗಬಾರದು. ಪೆಟ್ಟಿಗೆಯಲ್ಲಿ 81 ಮಿಲಿಗ್ರಾಂ ಆಸ್ಪಿರಿನ್ ಇರುತ್ತದೆ. 911ರವರು ಹೇಳಿದರೆ ಮಾತ್ರ ಅದನ್ನು ಜಗಿಯಬೇಕು.

8. ಪೆಟ್ಟಿಗೆಯ ಪಾಲನೆ

ಬಾಯಾರಿದಾಗ ಬಾವಿ ತೋಡಬಾರದು ಎನ್ನುತ್ತಾರೆ. ತೋಡಿದ ಬಾವಿಯ ಹೂಳೆತ್ತುವುದೂ ಅಷ್ಟೇ ಮುಖ್ಯ. ಪ್ರತಿ ತಿಂಗಳ ಮೊದಲ ಭಾನುವಾರ ಇಬ್ಬರು ಪೆಟ್ಟಿಗೆ ತೆರೆದು ಪಟ್ಟಿಯೊಡನೆ ತಾಳೆ ನೋಡಲಿ. ಅವಧಿ ಮುಗಿದ ಮುಲಾಮು, ಸಲೈನ್, ಗ್ಲೂಕೋಸ್, ಆಸ್ಪಿರಿನ್ ಬದಲಾಯಿಸಲಿ. ಏನನ್ನು ಬಳಸಿದರೂ ಚೀಟಿಯಲ್ಲಿ ದಿನಾಂಕ ಹಾಕಿ ಬರೆಯೋಣ. ಒಂದೇ ಬಗೆಯ ಗಾಯ ಮೂರು ಸಲ ಕಂಡರೆ ಬ್ಯಾಂಡೇಜ್ ತುಂಬಿಸುವುದಷ್ಟೇ ಸಾಲದು. ಆ ಮುರಿದ ಹಲಗೆಯನ್ನೋ, ಮೊಳೆಯನ್ನೋ ಸರಿಮಾಡಬೇಕು.

ಮನೆಪಾಠ

ಮುಂದಿನ ಸಂಚಿಕೆಯೊಳಗೆ ಪ್ರತಿ ಮನೆಯಲ್ಲೂ ಮೂರು ಕೆಲಸ ಮಾಡೋಣ.

ಒಂದು: ಅಜ್ಜ ಅಜ್ಜಿಯ ಮಾತ್ರೆಗಳ ಚೀಟಿಯನ್ನು ಮೊಮ್ಮಕ್ಕಳು ಬರೆಯಲಿ. ಕನ್ನಡ ತರಗತಿಯ ಮಕ್ಕಳಿಗೆ ಅದು ಅಕ್ಷರಾಭ್ಯಾಸವೂ ಆಗುತ್ತದೆ.

ಎರಡು: ಫೋನ್ ಒತ್ತದೆ, ಸುಮ್ಮನೆ ಆಟದಂತೆ, 911ರ ಸಂಭಾಷಣೆಯನ್ನು ಅಭ್ಯಾಸ ಮಾಡಿ. ಮೊಮ್ಮಗಳು ಆಪರೇಟರ್, ಅಜ್ಜಿ ಕರೆ ಮಾಡುವವರು. ವಿಳಾಸ ತಡವರಿಸದೆ ಬರುವವರೆಗೆ ಹೇಳಿಸಿ.

ಮೂರು: ಚಿಮಟದಿಂದ ಕಂಬಳಿಯ ಮೇಲಿನ ಗಸಗಸೆ ಕಾಳು ಎತ್ತುವ ಪಂದ್ಯ ಇಡಿ. ಉಣುಗು ಹುಡುಕುವ ಕಣ್ಣು, ಕೈ ಎರಡೂ ಪಳಗುತ್ತವೆ.

ಪೆಟ್ಟಿಗೆಗೆ ಬೇಕಾದ ವಸ್ತುಗಳ ಪಟ್ಟಿ ದೇವಸ್ಥಾನದ ಸೂಚನಾ ಫಲಕದಲ್ಲಿದೆ. ನಿಮ್ಮ ಕೈಲಾದ ಒಂದು ವಸ್ತುವನ್ನು ತಂದುಕೊಡಿ. ನರ್ಸ್, ಡಾಕ್ಟರ್ ಆಗಿರುವ ನಮ್ಮ ಸದಸ್ಯರು ಒಂದು ಶನಿವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡು, ಹಿರಿಯರಿಗೆ ಕನ್ನಡದಲ್ಲೇ ಇದನ್ನೆಲ್ಲ ತೋರಿಸಿಕೊಟ್ಟರೆ ತುಂಬಾ ಉಪಕಾರವಾಗುತ್ತದೆ. ಈ ವರ್ಷದ ಅವರೆಕಾಯಿ ಸೊಗಸಾಗಿ ಬರಲಿ, ಪೆಟ್ಟಿಗೆ ತೆರೆಯುವ ಸಂದರ್ಭ ಕಡಿಮೆ ಬರಲಿ.